ಸದ್ದು ಮಾಡದ ಫ್ಯಾನು

ನೋರೀನ್ ಹಿತ್ತಲ ಬಾಗಿಲು ತೆರೆದಾಗ ಪಿಕಪ್ ಟ್ರಕ್ಕು ಬಾಯಿ ತೆರೆದುಕೊಂಡು ನಿಂತಿತ್ತು. ರೇಡಿಯೇಟರಿನ ಹಿಂದಿನ ದೊಡ್ಡ ಫ್ಯಾನು ಮಣ್ಣಿನಲ್ಲಿ ಅಂಗಾತ ಬಿದ್ದಿತ್ತು. ಗಂಡ ರಾಯ್ಸ್ ಮೊಣಕೈವರೆಗೆ ಗ್ರೀಸ್ ಬಳಿದುಕೊಂಡು ಎಂಜಿನ್ನಿನೊಳಗೆ ತಲೆ ಹಾಕಿದ್ದ.

ಅವಳು ಹೊಸ್ತಿಲಲ್ಲೇ ನಿಂತಳು. ಇವನಿಗೆ ಗೊತ್ತಾಗಿಹೋಗಿದೆ.

ಅಂದು ಶನಿವಾರ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವಳು ಉತ್ತರದ ಘಾಟಿಯಾಚೆಗಿನ ಪಟ್ಟಣವಾದ ಫ್ಲ್ಯಾಗ್‌ಸ್ಟಾಫ್‌ನ ಲಾಂಡ್ರಿಯೊಂದರಲ್ಲಿ ಕೆಲಸಕ್ಕೆ ನಿಲ್ಲಬೇಕಿತ್ತು. ತಪ್ಪಿದರೆ ಆ ಜಾಗ ಬೇರೆಯವರ ಪಾಲು. "ಇನ್ನೊಂದ್ಸಲ ನಿನ್ನ ಪರವಾಗಿ ಕೇಳೋಕೆ ನನಗೆ ಮುಖ ಇಲ್ಲ ಕಣೇ," ಎಂದು ಅಲ್ಲಿದ್ದ ಅಕ್ಕ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಬಟ್ಟೆಯ ಚೀಲ ವಾಷಿಂಗ್ ಮೆಷೀನಿನ ಹಿಂದೆ ಸಿದ್ಧವಾಗಿತ್ತು. ಊರಿಗೆ ಬಸ್ಸು ನಿಂತು ಮೂರು ವರ್ಷ. ಇದ್ದದ್ದು ಈ ಟ್ರಕ್ಕೊಂದೇ.

ಗಂಡ ಹೆಂಡಿರಿಗೆ ಜಗಳವೇನೂ ಇರಲಿಲ್ಲ. ಜಗಳವಾಡುವಷ್ಟೂ ಆ ಮನೆಯಲ್ಲಿ ಉಳಿದಿರಲಿಲ್ಲ. ತಾಮ್ರದ ಗಣಿ ಮುಚ್ಚಿ ನಾಲ್ಕು ವರ್ಷವಾಗಿತ್ತು. ಬೀದಿಯ ಅರ್ಧ ಮನೆಗಳ ಕಿಟಕಿಗೆ ಹಲಗೆ ಬಡಿದಿತ್ತು. ರಾಯ್ಸ್ ಮಾತ್ರ ಬತ್ತಿದ ಕೆರೆಗೆ ಬಲೆ ಹಾಕಿ ಕೂತವನ ಹಾಗೆ ಗಣಿ ಮತ್ತೆ ತೆರೆಯುತ್ತದೆಂದು ಕಾಯುತ್ತಿದ್ದ. ಊರು ಬಿಡೋಣ ಎಂದಾಗಲೆಲ್ಲ ಅವನ ಬಾಯಿಗೆ ಬೀಗ ಬೀಳುತ್ತಿತ್ತು.

ಹಿಂದೆ ಎರಡು ಸಲ ಅವಳು ಹೊರಟಿದ್ದಳು. ಮೊದಲ ಸಲ ನಸುಕಿನಲ್ಲಿ ಕೀಲಿ ತಿರುಗಿಸಿದ್ದೇ ತಡ, ಫ್ಯಾನು ಎಂಜಿನ್ನಿನ ಜೊತೆ ತಿರುಗಿ ಬೀದಿಗೆಲ್ಲ ಕೇಳುವಂತೆ ಮೊರೆಯಿತು. ರಾತ್ರಿಯಿಡೀ ತಣ್ಣಗೆ ನಿಂತ ಗಾಡಿಯಲ್ಲಿ ಅದರ ಆರ್ಭಟ ಹೆಚ್ಚು. ರಾಯ್ಸ್ ಬರಿಗಾಲಲ್ಲಿ ಓಡಿಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ.

"ಎಲ್ಲಿಗೆ?"

"ಹಾಲು ತರೋಕೆ."

"ಹಾಲಿದೆಯಲ್ಲ. ಅರ್ಧ ಡಬ್ಬ ಇದೆ."

ಅಷ್ಟೇ. ಆ ಮುಖ ನೋಡಲಾಗದೆ ಅವಳು ಇಳಿದು ಒಳಗೆ ಹೋದಳು. ಎರಡನೆಯ ಸಲವೂ ಅದೇ ಹಾಲು, ಅದೇ ಅರ್ಧ ಡಬ್ಬ.

ಈಗ ಅವಳು ಧ್ವನಿ ಸರಿಮಾಡಿಕೊಂಡು ಕೇಳಿದಳು. "ಏನಾಯ್ತು ಗಾಡಿಗೆ?"

"ಏನೂ ಆಗಿಲ್ಲ. ಇದನ್ನ ತೆಗೆದು ಕರೆಂಟಿನ ಫ್ಯಾನ್ ಹಾಕ್ತಿದ್ದೀನಿ." ಗುಜರಿಯಲ್ಲಿ ಯಾವುದೋ ಕಾರಿನಿಂದ ಕಿತ್ತು ತಂದ ಜೋಡಿ ಫ್ಯಾನು ತೋರಿಸಿದ. "ಸೋಮವಾರದಿಂದ ಕಲ್ಲು ಕ್ವಾರಿಲಿ ಕೆಲಸ. ಬೆಳಿಗ್ಗೆ ಐದಕ್ಕೇ ಹೊರಡಬೇಕು. ಅಷ್ಟೊತ್ತಿಗೆ ಆ ಗಲಾಟೆ ಯಾಕೆ? ಮಲಗಿರೋರು ಮಲಗಿರಲಿ."

ಸೋಮವಾರ ಐದಕ್ಕೆ. ಅಂದರೆ ಅವಳು ನಾಲ್ಕಕ್ಕೇ ಹೋಗಬೇಕು. ಇಷ್ಟು ವರ್ಷಕ್ಕೆ ಕೆಲಸ ಸಿಕ್ಕವನ ಮೊದಲ ದಿನವೇ ಅವನ ಗಾಡಿ ಹಾರಿಸಿಕೊಂಡು ಹೋಗಬೇಕು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಬೇಲಿಯಾಚೆಯಿಂದ ಪಕ್ಕದ ಮನೆಯ ಲಾಯ್ಡ್ ಬಿಯರ್ ಹಿಡಿದು ಇಣುಕಿದ. "ಏನಯ್ಯಾ, ಗಂಡಸಿನಂಥ ಗಾಡಿಗೆ ಹೇರ್ ಡ್ರೈಯರ್ ಕೂರಿಸ್ತಿದ್ದೀಯಾ? ಅದನ್ನ ನಂಬ್ಕೊಂಡು ಘಾಟಿ ಹತ್ತಿದ್ರೆ ಅರ್ಧ ದಾರಿಲೇ ಕುದಿಯುತ್ತೆ ನೋಡು."

"ಕುದಿಯಬಾರದು," ಎಂದ ರಾಯ್ಸ್, ತಲೆಯೆತ್ತದೆ.

ಭಾನುವಾರ ಸಂಜೆಯೊಳಗೆ ಎಲ್ಲ ಕೂತಿತು. ಬ್ಯಾಟರಿಯಿಂದ ದಪ್ಪ ತಂತಿ, ಫ್ಯೂಸು, ರಿಲೇ, ಸೀಟಿನ ಮುಂದೆ ಒಂದು ಸ್ವಿಚ್ಚು. ಸ್ವಿಚ್ಚಿನ ಪಕ್ಕ ಟೇಪು ಅಂಟಿಸಿ ದಪ್ಪಕ್ಷರದಲ್ಲಿ 'ಫ್ಯಾನು' ಎಂದು ಬರೆದ. ಪರೀಕ್ಷೆಗೆಂದು ಹೆಂಡತಿಯನ್ನೂ ಕೂರಿಸಿಕೊಂಡು ಉತ್ತರದ ಘಾಟಿ ಹತ್ತಿಸಿದ. ಕ್ವಾರಿ ಇದ್ದದ್ದು ಬಯಲಿನ ದಾರಿಯಲ್ಲಿ. ಆದರೆ ಏರು ಹತ್ತಿದರೆ ತಾನೇ ಎಂಜಿನ್ನಿನ ಹಣೆಬರಹ ಗೊತ್ತಾಗುವುದು.

"ಬಿಸಿ ತೋರಿಸೋ ಮುಳ್ಳು ಇಲ್ಲಿಗೆ ಬಂದಾಗ ಫ್ಯಾನ್ ತಾನೇ ಶುರುವಾಗುತ್ತೆ. ಆಗದಿದ್ರೆ ಈ ಸ್ವಿಚ್ ಒತ್ತು. ಫ್ಯೂಸ್ ಹೋದ್ರೆ ಆ್ಯಶ್‌ಟ್ರೇಲಿ ಇನ್ನೆರಡಿದೆ."

"ನನಗ್ಯಾಕೆ ಇದೆಲ್ಲ?"

"ಗೊತ್ತಿರಲಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳು ಮುಖ ಕಿಟಕಿಯತ್ತ ತಿರುಗಿಸಿದಳು. ಘಾಟಿಯ ತುದಿಯಲ್ಲಿ ಅವನು ಎಂಜಿನ್ ನಿಲ್ಲಿಸಿದ. ಫ್ಯಾನು ಮಾತ್ರ ಮೆಲ್ಲಗೆ ತಿರುಗುತ್ತಲೇ ಇತ್ತು.

"ಎಂಜಿನ್ ನಿಂತ ಮೇಲೂ ಇದು ಸ್ವಲ್ಪ ಹೊತ್ತು ಹೀಗೇ," ಎಂದ. "ಹೆದರ್ಕೋಬೇಡ. ತಾನೇ ನಿಲ್ಲುತ್ತೆ."

ಅದು ನಿಲ್ಲುವವರೆಗೆ ಇಬ್ಬರೂ ಕೇಳುತ್ತ ಕೂತರು. ಅವಳಿಗೆ ಎಲ್ಲವನ್ನೂ ಹೇಳಿಬಿಡಬೇಕೆನಿಸಿತು. "ಕತ್ತಲಾಯ್ತು, ಹೋಗೋಣ," ಎಂದಳು.

ಮನೆಗೆ ಬಂದವನು ಬೇಗ ಮಲಗಿದ. ಊಟದ ಡಬ್ಬಿ ತೊಳೆದಿಡಲಿಲ್ಲ, ಅಲಾರಂ ಇಡಲಿಲ್ಲ. ನಾಲ್ಕು ವರ್ಷ ಸುಮ್ಮನೆ ಕೂತವನಿಗೆ ಅಭ್ಯಾಸ ತಪ್ಪಿದೆ ಎಂದುಕೊಂಡಳು. ಅವಳು ಫ್ರಿಜ್ಜಿನ ಬಾಗಿಲು ಮುಚ್ಚುವಾಗ ಹಾಲು ಅರ್ಧ ಡಬ್ಬ ಇತ್ತು.

ಸೋಮವಾರ ನಾಲ್ಕು ಗಂಟೆಗೆ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಗೊರಕೆಯಿರಲಿಲ್ಲ. ಅವಳು ಚೀಲ ಎತ್ತಿಕೊಂಡು ಕತ್ತಲಲ್ಲೇ ಟ್ರಕ್ಕು ಹತ್ತಿದಳು. ರಾಯ್ಸ್ ಆರಡಿ ಮೀರಿದ ಆಳು. ಅವನು ಓಡಿಸಿದ ಮೇಲೆ ಪ್ರತಿ ಸಲವೂ ಸೀಟನ್ನು ಕಿರಗುಟ್ಟಿಸುತ್ತ ಮುಂದಕ್ಕೆಳೆದುಕೊಳ್ಳಬೇಕಿತ್ತು. ಸದ್ದಾಗದಂತೆ ಎಳೆಯಲೆಂದು ಉಸಿರು ಬಿಗಿಹಿಡಿದು ಕೆಳಗೆ ಕೈಹಾಕಿದಳು. ಆದರೆ ಅವಳ ಕಾಲು ಆಗಲೇ ಪೆಡಲ್ ಮುಟ್ಟಿತ್ತು.

ಕೀಲಿ ತಿರುಗಿಸಿದಳು. ಎಂಜಿನ್ನು ಮೆಲ್ಲಗೆ ಗುನುಗಿತು. ಯಾರೂ ಬರಿಗಾಲಲ್ಲಿ ಓಡಿಬರಲಿಲ್ಲ. ಮೀಟರುಗಳ ದೀಪ ಹತ್ತಿದಾಗ ಸ್ಟಿಯರಿಂಗಿಗೆ ಅಂಟಿಸಿದ ಟೇಪಿನ ತುಂಡು ಕಾಣಿಸಿತು. ಅದರ ಮೇಲೆ ಅವನ ಅದೇ ದಪ್ಪಕ್ಷರ:

'ಹಾಲು ಮುಗಿದಿದೆ.'