ಮೊದಲ ದಿನದ ಧ್ಯಾನ

ಬಟ್ಟೆ ಹೊಲಿಯುವ ಹೆಂಗಸರ ತಲೆಬಿಸಿ ಕಂಡು ಕಂಪನಿಗೆ ಕರುಣೆ ಉಕ್ಕಿತು. ಧ್ಯಾನ ಕಲಿಸಲು ಗುರುವೊಬ್ಬನನ್ನು ಕರೆಸಿತು. ಊಟದ ಬಿಡುವನ್ನೇ ಕತ್ತರಿಸಿ ಎಲ್ಲರನ್ನೂ ನೆಲದ ಮೇಲೆ ಕೂರಿಸಿದರು. ಬೆಳಗಿನಿಂದ ಮಿಷನ್ ಬಿಟ್ಟು ಏಳದ ಪುಟ್ಟತಾಯಿಗೆ ಕಿಬ್ಬೊಟ್ಟೆ ಸಿಡಿಯುವಂತಾಗಿತ್ತು.

“ಸಾರ್, ಒಂದ್ಸಲ ಟಾಯ್ಲೆಟ್ಟಿಗೆ ಹೋಗಿ ಬಂದ್ಬಿಡ್ತೀನಿ,” ಎಂದು ಸೂಪರ್‌ವೈಸರನನ್ನು ಕೇಳಿದಳು.

“ಬೆಳಗ್ಗೆಯಿಂದ ಇದೇ ರಾಗ ನಿಂದು. ಫೋಟೋ ತೆಗೀತಾವ್ರೆ, ಮುಗಿಯೋಗಂಟ ಒಬ್ಳೂ ಏಳಂಗಿಲ್ಲ.”

“ತಡ್ಕೊಳಕಾಗಲ್ಲ ಸಾರ್.”

“ತಡ್ಕೊಳೋದು ಕಲೀರಿ ಅಂತ್ಲೇ ಗುರುಗಳನ್ನ ಕರ್ಸಿರೋದು. ಕಣ್ಮುಚ್ಚು.”

ಮುಚ್ಚಿದಳು. ಉಸಿರನ್ನೇ ಗಮನಿಸಿ ಎಂದು ಗುರು ಮೆಲ್ಲಗೆ ಹೇಳುತ್ತಿದ್ದ. ಅವಳು ಹಲ್ಲು ಕಚ್ಚಿ, ತೊಡೆ ಬಿಗಿಹಿಡಿದು ಕೂತಳು. ಹಣೆಯಲ್ಲಿ ಬೆವರೊಡೆಯಿತು. ಆಮೇಲೆ ಮುಖದ ಗಂಟೆಲ್ಲ ತಾನಾಗಿ ಸಡಿಲವಾಗಿ, ಮುಚ್ಚಿದ ರೆಪ್ಪೆಯಡಿಯಿಂದ ಕಣ್ಣೀರು ಇಳಿಯಿತು.

“ನೋಡಿ, ನೋಡಿ ಈ ತಾಯಿಯ ಮುಖ!” ಗುರು ಹಿಗ್ಗಿದ. “ಮೊದಲ ದಿನವೇ ಎಂಥ ಶಾಂತಿ! ಎದ್ದು ನಿಲ್ಲಮ್ಮ, ಎಲ್ಲರೂ ನೋಡಲಿ.”

ಸೂಪರ್‌ವೈಸರನೂ ಹಲ್ಲುಕಿರಿದ. “ಗುರುಗಳೇ ಹೇಳ್ತಾವ್ರೆ, ಏಳೇ.”

ಪುಟ್ಟತಾಯಿ ಕಣ್ಣು ತೆರೆಯಲಿಲ್ಲ. “ಆಗ್ಲೇ ಏಳಾಕೆ ಬಿಟ್ಟಿದ್ರೆ ಏಳ್ತಿದ್ದೆ ಸಾರ್. ಈಗ ಸೀರೆಯೆಲ್ಲ ಒದ್ದೆ ಆಗೋಗೈತೆ.”