ಬಾಗಿಲಾಚೆಯ ಚಪ್ಪಲಿ

ಸೈರನ್ ಕೂಗಿದಾಗ ಗಜಾನನ ಗ್ಯಾಸ್ ತೊಟ್ಟಿಯ ಹಿಂದೆ ಬಗ್ಗಿ ಸೋರಿಕೆ ಹುಡುಕುತ್ತಿದ್ದ. ತಲೆ ಎತ್ತುವಷ್ಟರಲ್ಲಿ ಸೀಸದ ಬಾಗಿಲು ಮುಚ್ಚಿಕೊಂಡಿತ್ತು.

ಹೊರಗೆ ಯಂತ್ರದ ಗುಂಡಿಯ ಮುಂದೆ ಕೂತವನು ಆಪರೇಟರ್ ಪೂರ್ಣೇಶ್.

ಸಾಗರದ ಹೊರವಲಯದ ಆ ಲೇಸರ್ ಲ್ಯಾಬಿನಲ್ಲಿ ಗೋಡೆಯ ಬೋರ್ಡುಗಳನ್ನು ಯಾರೂ ಓದುತ್ತಿರಲಿಲ್ಲ. ನಡೆಯುತ್ತಿದ್ದುದು ಗಜಾನನ ಮಾಡಿದ ಒಂದೇ ನಿಯಮ. ಒಳಗೆ ಹೋಗುವವರು ಚಪ್ಪಲಿಯನ್ನು ಬಾಗಿಲಾಚೆ ಬಿಡಬೇಕು, ದೇವಸ್ಥಾನದ ಹಾಗೆ. ಅಲ್ಲಿ ಚಪ್ಪಲಿ ಇದ್ದರೆ ಗುಂಡಿ ಒತ್ತುವಂತಿಲ್ಲ. ಒತ್ತಿದರೆ ಸೈರನ್ ಕೂಗಿ, ಬಾಗಿಲು ಮುಚ್ಚಿ, ತುಸು ಹೊತ್ತಿನಲ್ಲೇ ಎಲೆಕ್ಟ್ರಾನ್ ಕಿರಣ ತೆಳು ಲೋಹದ ಹಾಳೆ ದಾಟಿ, ತೊಟ್ಟಿಯಲ್ಲಿ ಒತ್ತಿ ತುಂಬಿದ ಗ್ಯಾಸಿಗೆ ನುಗ್ಗುತ್ತದೆ. ಗ್ಯಾಸಿನಿಂದ ಲೇಸರ್ ಹೊಮ್ಮುತ್ತದೆ. ಜೊತೆಗೆ ಕೋಣೆ ತುಂಬ ಜೀವಕ್ಕೇ ಕುತ್ತಾಗುವಷ್ಟು ಎಕ್ಸ್-ರೇ.

ನಿನ್ನೆ ಇದೇ ವಿಷಯಕ್ಕೆ ಗಜಾನನ ಎಲ್ಲರೆದುರು ಪೂರ್ಣೇಶನಿಗೆ ಉಗಿದಿದ್ದ. "ಚಪ್ಪಲಿ ಬಿಡೋಕೆ ಬರಲ್ಲ, ನೀನೆಂಥ ಆಪರೇಟರೋ?"

"ಆಯ್ತು ಗಜಣ್ಣ," ಎಂದು ನಕ್ಕಿದ್ದ ಪೂರ್ಣೇಶ್. "ಇನ್ಮೇಲೆ ನಿಮ್ ಚಪ್ಪಲಿ ನೋಡ್ಕೊಂಡೇ ಗುಂಡಿ ಒತ್ತೋದು."

ಆ ನಗು ಈಗ ಅರ್ಥವಾಯಿತು. ನೋಡಿಯೇ ಒತ್ತಿದ್ದಾನೆ, ತೀರ್ಥಹಳ್ಳಿಯ ಹಾವು!

ಗಜಾನನ ಫೋನ್ ತೆಗೆದ. ಹೊಸನಗರದಲ್ಲಿ ಚಾ ಕುಡಿಯುತ್ತ ಕೂತ ಸಿಲಿಂಡರ್ ಲಾರಿಯವನಿಗೆ ಅದರಲ್ಲಿ ಬೈಯುತ್ತಲೇ ಒಳಗೆ ಬಂದಿದ್ದ. ಬಾಗಿಲು ದಾಟುತ್ತಲೇ ಸತ್ತ ಸಿಗ್ನಲ್ ಇನ್ನೂ ಬಂದಿರಲಿಲ್ಲ.

ಕಿರಣಕ್ಕೆ ವಿದ್ಯುತ್ ತುಂಬಿಕೊಳ್ಳುವ ಕೆಪಾಸಿಟರುಗಳ ಗುಂಯ್ ಸದ್ದು ಏರತೊಡಗಿತು. ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಇದ್ದುದು ಎದುರು ಗೋಡೆಯಲ್ಲಿ. ಓಡಿದ. ಹಿಂದೆಯೇ ಯಾರೋ ಬೆನ್ನಟ್ಟಿದಂತೆ ಟಪಟಪ ಸದ್ದು. ತಿರುಗಿದರೆ ಯಾರೂ ಇಲ್ಲ. ಒಡೆದ ಬಲ್ಬಿನ ಗಾಜು ಕಾಲಡಿ ಪುಡಿಯಾಯಿತು. ನಿಲ್ಲಲಿಲ್ಲ.

"ಪೂರ್ಣೇಶಾ, ಬೇಡ್ವೋ! ನನ್ ಮಗ್ಳಿನ್ನೂ ಸಣ್ಣೋಳು ಕಣೋ!"

ಕೆಂಪು ಗುಂಡಿಗೆ ಮುಷ್ಟಿಯಿಂದ ಗುದ್ದಿದ.

ಸದ್ದು ಇಳಿಯಿತು. ಸೈರನ್ ನಿಂತಿತು.

ಬಾಗಿಲು ತೆರೆಯಿತು. ಪೂರ್ಣೇಶನ ಮುಖ ಬಿಳಿಚಿಕೊಂಡಿತ್ತು. "ಅಯ್ಯೋ ಗಜಣ್ಣ, ನೀವ್ ಒಳಗಿದ್ರಾ? ಹೊರಗೆ ಚಪ್ಪಲೀನೇ ಇಲ್ವಲ್ಲ!"

ಗಜಾನನ ಅವನನ್ನು ತಳ್ಳಿಕೊಂಡು ಆಚೆ ನೋಡಿದ. ನಿಜ. ನೆಲ ಖಾಲಿ.

"ಎತ್ತಿಟ್ಟಿದೀಯಾ! ನನ್ನ ಕೊಲ್ಲೋಕೇ ಎತ್ತಿಟ್ಟಿದೀಯಾ! ಎಲ್ಲಿಟ್ಟೆ, ಬೊಗಳು! ಇಲ್ಲಾಂದ್ರೆ ಹಲ್ಲು ಉದುರಿಸ್ತೀನಿ!"

ಸಿಟ್ಟಿನಲ್ಲಿ ಬಗ್ಗಿ, ಕೈಗೆ ಸಿಕ್ಕಿದ್ದನ್ನು ಎಳೆದು, ಹೊಡೆಯಲು ಎತ್ತಿದ.

ಪೂರ್ಣೇಶ್ ಹಿಂದೆ ಸರಿಯಲಿಲ್ಲ. ಎತ್ತಿದ ಕೈಯನ್ನೇ ನೋಡುತ್ತ ಮೆಲ್ಲಗೆ ಕೇಳಿದ:

"ಗಜಣ್ಣ, ಕಾಲಿಂದ ತೆಗೆದ್ರಲ್ಲ, ಆ ಚಪ್ಪಲಿ ಯಾರ್ದು?"