ಹೊಸ ಯಂತ್ರ, ಎರಡು ಕುತ್ತಿಗೆ

ಹೊಸ ಸ್ಕ್ಯಾನಿಂಗ್ ಯಂತ್ರದ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದ್ದೇ ತಡ, ಕ್ಲಿನಿಕ್ಕಿನಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ರೋಗಿಗಳಿಗೆ ನಾಳೆಯಿಂದ, ಇವತ್ತು ಬರೀ ಪ್ರಯೋಗ, ಯಾರ ಕುತ್ತಿಗೆಯಾದರೂ ಆದೀತು ಎಂದು ಹೇಳಿ ಡಾಕ್ಟರಮ್ಮ ತಮ್ಮ ಕೋಣೆಗೆ ಹೋಗಿದ್ದರು. ಅಷ್ಟು ಸಾಕಾಯಿತು. ರಿಸೆಪ್ಷನ್ ಹುಡುಗಿ, ನರ್ಸು, ಕಾವಲುಗಾರ ಎಲ್ಲರೂ ನಾ ಮುಂದು ತಾ ಮುಂದು ಎಂದು ಮಂಚ ಹತ್ತಿದರು. ಟೆಕ್ನೀಷಿಯನ್ ಒಬ್ಬೊಬ್ಬರ ಕುತ್ತಿಗೆಗೂ ತಣ್ಣನೆಯ ಜೆಲ್ ಹಚ್ಚಿ, ಪ್ರೋಬ್ ಒತ್ತಿ, ಒಳಗಿನ ರಕ್ತನಾಳ ಮಿಡಿಯುವುದನ್ನು ಪರದೆಯ ಮೇಲೆ ತೋರಿಸುತ್ತಿದ್ದ. ಹಳೆಯ ಯಂತ್ರದಲ್ಲಿ ಮಂಜು ಮಂಜಾಗಿದ್ದದ್ದು ಇದರಲ್ಲಿ ಎಳೆ ಎಳೆಯಾಗಿ ಕಾಣುತ್ತಿತ್ತು. ನಲವತ್ತೆರಡರ ಆ ಗಂಡಸು ಹೊಸ ಸೈಕಲ್ ಸಿಕ್ಕ ಹುಡುಗನ ಹಾಗೆ ಹಿಗ್ಗಿ ಹೋಗಿದ್ದ.

ಆ ಗದ್ದಲದ ನಡುವೆ ಅವನ ಅಮ್ಮ ಬಂದಳು, ಮಗ ಮನೆಯಲ್ಲೇ ಮರೆತಿದ್ದ ಊಟದ ಡಬ್ಬಿ ಹಿಡಿದು. ಗಿಡ ಮಾರುವ ನರ್ಸರಿಯಲ್ಲಿ ಕುಂಡ ಎತ್ತಿ, ನೀರು ಹೊತ್ತು ಜೀವ ಸವೆಸಿದವಳು. ಅರವತ್ತಾರಾದರೂ ಕೆಲಸ ಬಿಟ್ಟಿರಲಿಲ್ಲ. ಲಿಫ್ಟ್ ಕಂಡರಾಗದು, ಮೂರು ಮಹಡಿ ಹತ್ತಿಯೇ ಬಂದಿದ್ದಳು. ಉಸಿರು ಕೂಡ ಏರಿರಲಿಲ್ಲ. ಕಾಯಿಲೆಯಿಲ್ಲದವಳಿಗೆ ಇದೆಲ್ಲ ಯಾಕೆ ಎಂದು ಎಷ್ಟು ಹೇಳಿದರೂ ನರ್ಸು ಬಿಡಲಿಲ್ಲ, ಮಲಗಿಸಿಯೇ ಬಿಟ್ಟಳು.

ಪರದೆ ನೋಡಿ ಮಗ ಕುಣಿದಾಡುವುದೊಂದು ಬಾಕಿ. ನಾಳದ ಗೋಡೆ ಪೆನ್ಸಿಲಿನಲ್ಲಿ ಗೀಚಿದಷ್ಟು ತೆಳ್ಳಗಿತ್ತು. ಒಂದೊಂದು ಮಿಡಿತಕ್ಕೂ ಸಲೀಸಾಗಿ ಹಿಗ್ಗಿ ಕುಗ್ಗುತ್ತಿತ್ತು. ಎಲ್ಲರನ್ನೂ ಕೂಗಿ ಕರೆದು ತೋರಿಸಿದ. ವಯಸ್ಸಾದಂತೆ ನಾಳ ಪೆಡಸಾಗುತ್ತದೆ, ಗೋಡೆ ದಪ್ಪವಾಗುತ್ತದೆ. ಆದರೆ ಮೈ ಬಗ್ಗಿಸಿ ದುಡಿಯುವವರಿಗೆ, ಉಪ್ಪಿನಲ್ಲಿ ಕೈ ಹಿಡಿತವಿದ್ದವರಿಗೆ, ಹೊತ್ತಿಗೆ ಸರಿಯಾಗಿ ಮಲಗುವವರಿಗೆ, ಹೊಗೆ ಸೇದದವರಿಗೆ ಅದು ನಿಧಾನವಾಗಿ ಆಗಬಹುದು ಎಂದು ಮಗ್ಗಿ ಒಪ್ಪಿಸುವ ಹಾಗೆ ಹೇಳಿದ. ಅಮ್ಮ ನಾಚಿಕೊಂಡು ಎದ್ದು ಕೂತಳು. ಉಳಿದವರು ನಗುನಗುತ್ತಾ ಊಟಕ್ಕೆ ಹೋದರು.

“ಊರವರದ್ದೆಲ್ಲ ನೋಡಿದೆ. ನಿಂದು ಎಲ್ಲಿ ಪುಟ್ಟ?” ಅಂದಳು ಅಮ್ಮ.

ಅವನು ಅದೇ ಹುರುಪಿನಲ್ಲಿ ತಾನೇ ಮಲಗಿ, ಪ್ರೋಬನ್ನು ಅಮ್ಮನ ಕೈಗೆ ಕೊಟ್ಟು, ಮಣಿಕಟ್ಟು ಹಿಡಿದು ಎಲ್ಲಿ ಇಡಬೇಕೆಂದು ತೋರಿಸಿದ. ಪರದೆಯ ಎಡಕ್ಕೆ ಅಮ್ಮನ ಚಿತ್ರ ಇನ್ನೂ ನಿಂತಿತ್ತು. ಬಲಕ್ಕೆ ಅವನದು ಮೂಡಿತು. ಮುಖದ ಮೇಲಿನ ನಗು ಹಾಗೇ ಆರಿತು. ಗೋಡೆ ದಪ್ಪ, ಒಂದು ಕಡೆ ಸಣ್ಣ ಉಬ್ಬು. ಇಂಥವನ್ನು ಲೆಕ್ಕವಿಲ್ಲದಷ್ಟು ನೋಡಿದವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದಿನವಿಡೀ ಕುರ್ಚಿ, ರಾತ್ರಿಯೆಲ್ಲ ಮೊಬೈಲು, ಕಾಲೇಜಿನ ದಿನಗಳಿಂದಲೂ ಕದ್ದು ಸೇದಿದ ಸಿಗರೇಟು. ಅಮ್ಮನಿಗೆ ಅದರ ಸುಳಿವೇ ಇಲ್ಲ ಎಂದು ಅವನು ಗಟ್ಟಿಯಾಗಿ ನಂಬಿದ್ದ. ಹೇಗಿದೆ ಎಂದು ಅವಳು ಕೇಳಿದಾಗ, ಚೆನ್ನಾಗಿದೆ ಅಂದ. ಅಮ್ಮ ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಕುತ್ತಿಗೆಯ ಜೆಲ್ ಒರೆಸಿದಳು.

ಅಷ್ಟರಲ್ಲಿ ಡಾಕ್ಟರಮ್ಮ ಹೊಸ ಯಂತ್ರ ನೋಡುವ ಆಸೆ ತಡೆಯಲಾರದೆ ಅರ್ಧ ಊಟಕ್ಕೇ ಎದ್ದು ಬಂದರು. ಚಿತ್ರಗಳು ತಾಯಿ ಮಗನದು ಎಂದು ತಿಳಿದು, ಯಾವುದು ಯಾರದೆಂದು ಕೇಳದೆಯೇ ಕನ್ನಡಕ ಏರಿಸಿಕೊಂಡು ಬಗ್ಗಿದರು. ಎಡಗಡೆಯದನ್ನು ತೋರಿಸಿ, ಮಗನ ನಾಳ ಎಷ್ಟು ಚೊಕ್ಕವಾಗಿದೆ ಎಂದು ಮೆಚ್ಚಿಕೊಂಡರು. ಆಮೇಲೆ ಬಲಗಡೆಯದನ್ನು ನೋಡಿ, ದನಿ ತಗ್ಗಿಸಿ, ಅಮ್ಮನ ಪಕ್ಕ ಬಂದು ಕೂತರು. ಈ ವಯಸ್ಸಿಗೆ ಇಷ್ಟು ಇರುವುದೇ, ಹೆದರಬೇಡಿ ಅಂದರು. ಆದದ್ದನ್ನು ಅಳಿಸುವುದು ಕಷ್ಟ, ಆದರೆ ಮುಂದಿನದನ್ನು ನಿಧಾನ ಮಾಡಬಹುದು. ರಕ್ತ ಪರೀಕ್ಷೆ ಮಾಡಿಸಿ, ದಿನಾ ಬಿರುಸಾಗಿ ನಡೆಯಿರಿ, ಉಪ್ಪು ತಗ್ಗಿಸಿ ಎಂದರು. ಅದಲುಬದಲಾಗಿದೆ ಎಂದು ಹೇಳಲು ಮಗ ಬಾಯಿ ತೆರೆದವನು, ಪ್ರೋಬ್ ಒರೆಸತೊಡಗಿದ. ಅಮ್ಮನಾದರೂ ಹೇಳಿಯಾಳೆಂದು ಕಾದ. ಅಮ್ಮ ಎಲ್ಲದಕ್ಕೂ ತಲೆಯಾಡಿಸುತ್ತಾ ಕೂತಿದ್ದಳು.

ಕೊನೆಗೆ ಡಾಕ್ಟರಮ್ಮ ಸಂಕೋಚದಿಂದಲೇ, ಇಂಥ ಉಬ್ಬು ಹೆಚ್ಚಾಗಿ ಹೊಗೆಯ ಸಹವಾಸ ಇದ್ದವರಲ್ಲಿ ಕಾಣುತ್ತದೆ, ಮನೆಯಲ್ಲಿ ಯಾರಾದರೂ ಸೇದುತ್ತಾರಾ ಎಂದು ಕೇಳಿದರು.

“ನಾನೇ ಸೇದ್ತಿದ್ದೆ ಡಾಕ್ಟ್ರೇ,” ಅಂದಳು ಅಮ್ಮ, ಕಣ್ಣು ಮಿಟುಕಿಸದೆ. “ಟೆರೇಸಿಗೆ ಹೋಗಿ ಸೇದೋದು, ಪೆಪ್ಪರ್‌ಮಿಂಟ್ ತಿಂದು ಕೆಳಗೆ ಬರೋದು. ಯಾರಿಗೂ ಗೊತ್ತಾಗಲ್ಲ ಅನ್ಕೊಂಡಿದ್ದೆ. ಇವತ್ತಿಗೆ ಬಿಟ್ಟೆ.”

ಡಾಕ್ಟರಮ್ಮ ಆ ಮಣ್ಣು ಮೆತ್ತಿದ ಬೆರಳುಗಳನ್ನೂ ನಗದ ಮುಖವನ್ನೂ ನೋಡಿ ಕಕ್ಕಾಬಿಕ್ಕಿಯಾದರು. ಮಗನ ಕಿವಿ ಕೆಂಪಗಾಯಿತು. ಆದರೂ ಹೊತ್ತುಕೊಂಡು ತಿರುಗಿದ ಭಾರವೊಂದು ಥಟ್ಟನೆ ಜಾರಿದಂತಾಗಿ ನಗುವೂ ಉಕ್ಕಿ ಬರುತ್ತಿತ್ತು.

“ಮೇಡಂ, ಆ ದಪ್ಪಗಿರೋದು ನಂದು,” ಅಂದ.

ಜೇಬಿನಿಂದ ಪ್ಯಾಕೆಟ್ ತೆಗೆದು ಅಮ್ಮನ ಮುಂದೆ ಹಿಡಿದ. ಅಮ್ಮ ಅದನ್ನು ತನ್ನದೇ ಎಂಬಂತೆ ಚೀಲಕ್ಕೆ ಹಾಕಿಕೊಂಡು, ಮತ್ತೆ ಕೈ ಚಾಚಿದಳು.

“ಸ್ಕೂಟರ್ ಸೀಟಿನ ಕೆಳಗೆ ಇನ್ನೊಂದಿದೆಯಲ್ಲ, ಕೀ ಕೊಡು,” ಅಂದಳು. “ಸಂಜೆ ನಡ್ಕೊಂಡೇ ಮನೆಗೆ ಬಾ.”